ಲೇಬಲ್ ಕತ್ತರಿಸಿದ ಕವಚ

ಕೊಟ್ಟದ್ದು ಎರಡು ಸಾವಿರದ ಎಂಟುನೂರು ರೂಪಾಯಿ. ಮಾರಿದವನು ಹೇಳಿದ್ದು ಆರು ಸಾವಿರ. ಮಿಲಿಟರಿಯವರು ತೊಟ್ಟು ಬಿಟ್ಟ, ಗುಂಡು ತಡೆಯುವ ಅಂಗಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ತಂದೆನೆಂದು ಆ ದಿನ ಬಸ್ಸಿನಲ್ಲಿ ಮೀಸೆ ತಿರುವಿಕೊಂಡೇ ಬಂದೆ. ಅಷ್ಟು ಅಗ್ಗಕ್ಕೆ ಸಿಕ್ಕಿದ್ದು ಯಾಕೆಂದರೆ ಆ ಸರಕು ನಮ್ಮ ಕಡೆಗೆ ಬರುವುದು ಅಂಗಿಯಾಗಿ ಅಲ್ಲ, ತೂಕದ ಮಾಲಾಗಿ. ಅದರೊಳಗಿನ ಹಳದಿ ಬಟ್ಟೆಯನ್ನು ಚಿಂದಿ ಮಾಡಿ, ಮತ್ತೆ ನೂಲು ತೆಗೆದು, ಗಾಜು ಹೊರುವವರಿಗೂ ತಗಡು ಕತ್ತರಿಸುವವರಿಗೂ ಕೈಗವಸು ಹೆಣೆಯುತ್ತಾರೆ. ಕಿಲೋ ಲೆಕ್ಕದಲ್ಲಿ ಬಂದದ್ದನ್ನು ಒಂದೊಂದಾಗಿ ಮಾರಿದರೆ ಲಾಭ ಹೆಚ್ಚೆಂದು ಕಂಡುಕೊಂಡವನೊಬ್ಬ ಇದ್ದ. ಒಂದೊಂದಾಗಿ ಕೊಳ್ಳುವವನೊಬ್ಬ ಬೇಕಿತ್ತು. ಅದು ನಾನಾದೆ.

ನಾನು ಬಟ್ಟೆ ಅರಿಯದವನಲ್ಲ. ಕೊಯಮತ್ತೂರು ಕಡೆಯ ಸೋಮನೂರಿನಲ್ಲಿ ಅಪ್ಪನಿಗೆ ಇದ್ದದ್ದು ಬಾಡಿಗೆ ಶೆಡ್ಡಿನ ಎರಡು ಮಗ್ಗ. ಮಗ್ಗದ ಸದ್ದಿನಲ್ಲೇ ಮಲಗಿ, ಅದು ನಿಂತರೆ ಎಚ್ಚರವಾಗುವ ಮನೆ ನಮ್ಮದು. ನಾನು ತುಂಡು ಬಟ್ಟೆಯ ಗಂಟನ್ನು ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಊರೂರು ಅಲೆದು ಈಗಿನ ಗೋಡೌನು ಕಟ್ಟಿದವನು. ಮನೆಮಾತಾದ ಕನ್ನಡವನ್ನು ಓದಲು ಕಲಿತದ್ದೂ ಹಾಗೆಯೇ, ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸಾಲ ವಸೂಲಿಗೆ ಕಾಯುತ್ತ ನಿಂತು, ಅಂಗಡಿ ಬೋರ್ಡುಗಳನ್ನು ಕೂಡಿಸಿ ಓದುತ್ತ. ಬಟ್ಟೆಯ ತುದಿಯನ್ನು ಎರಡು ಬೆರಳಿನ ನಡುವೆ ಉಜ್ಜಿದರೆ ಹಾಸು ಎಂಥದು, ಹೊಕ್ಕು ಎಂಥದು, ಗಂಜಿ ಎಷ್ಟು ಎಂದು ಹೇಳಬಲ್ಲೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮೋಸ ಹೋಗುವವರು ದಡ್ಡರು ಮಾತ್ರ ಎಂಬ ಭ್ರಮೆ ನಿಮಗೆ ಬೇಡ.

ಕವಚ ಬೇಕಾದದ್ದು ನನ್ನ ತಂಗಿಯ ಗಂಡನಿಗೆ. ಅವನೂ ಮಗ್ಗದವನೇ. ಮಗ್ಗಗಳು ಹಳೆ ಕಬ್ಬಿಣಕ್ಕೆ ಹೋದ ಮೇಲೆ ಒಂದು ಸೆಕ್ಯೂರಿಟಿ ಏಜೆನ್ಸಿಗೆ ಸೇರಿ, ಎಟಿಎಂಗಳಿಗೆ ಹಣ ತುಂಬುವ ವ್ಯಾನಿನ ಕಾವಲಿಗೆ ನಿಂತ. ಪೆರಿಯನಾಯಕನಪಾಳ್ಯಂ ಕಡೆಯಿಂದ ಹೊರಟು ಮೇಟ್ಟುಪಾಳ್ಯಂ ರಸ್ತೆಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ಹೋಗುವ ವ್ಯಾನು. ವ್ಯಾನಿನ ಬಾಗಿಲು ತೆರೆದಾಗ ಎಟಿಎಂಗೂ ವ್ಯಾನಿಗೂ ನಡುವೆ ಎದೆಯೊಡ್ಡಿ ನಿಲ್ಲುವುದು ಅವನ ಕೆಲಸ. ಕೈಯಲ್ಲಿ ಒಂದು ಲಾಠಿ. ಬಂದೂಕು ಇರುವುದು ಇನ್ನೊಬ್ಬನ ಹತ್ತಿರ, ಮಿಲಿಟರಿಯಿಂದ ನಿವೃತ್ತನಾದ ಹಿರಿಯನ ಹತ್ತಿರ.

ಏಜೆನ್ಸಿ ಕೊಟ್ಟ ಕಪ್ಪು ಕವಚವನ್ನು ತಂಗಿ ಒಂದು ಭಾನುವಾರ ಒಗೆಯಲು ಬಿಚ್ಚಿದಳು. ಬಿಚ್ಚಿದ ಕೂಡಲೇ ನನಗೆ ಫೋನ್.

"ಅಣ್ಣಾ, ನೀ ಈಗ್ಲೇ ಬಾ. ಇದ್ರೊಳಗೆ ಏನಿದೆ ಅಂತ ನೋಡು ಬಾ."

ಹೋಗಿ ನೋಡಿದೆ. ಬಸ್ಸಿನ ಸೀಟಿಗೆ ಹಾಕುವ ಸ್ಪಂಜು, ಅದರ ಹಿಂದೆ ನೀರಿನ ಟ್ಯಾಂಕಿನ ಮುಚ್ಚಳದಂಥ ಪ್ಲಾಸ್ಟಿಕ್ ಹಾಳೆ. ಬೆನ್ನಿನ ಭಾಗದಲ್ಲಿ ಪ್ಲಾಸ್ಟಿಕ್ಕೂ ಇಲ್ಲ.

"ಏನ್ ಮಾಪ್ಳೆ ಇದು?" ಎಂದೆ. ನಮ್ಮ ಕಡೆ ತಂಗಿಯ ಗಂಡನನ್ನು ಹೀಗೆಯೇ ಕರೆಯುವುದು.

"ಮ್ಯಾನೇಜರಿಗೆ ಕೇಳಿದೆ ಭಾವ. ನೋಡೋರಿಗೆ ಕಪ್ಪಗೆ ದಪ್ಪಗೆ ಕಂಡ್ರೆ ಸಾಕು, ಕಳ್ಳ ಹತ್ರ ಬರಲ್ಲ ಅಂದ್ರು."

"ಕಳ್ಳನಿಗೆ ಇದು ಸ್ಪಂಜು ಅಂತ ಗೊತ್ತಿಲ್ವಾ?"

"ಅವನಿಗೆ ಗೊತ್ತಿರ್ತದೆ. ನಮ್ಗೇ ಗೊತ್ತಿರ್ಲಿಲ್ಲ," ಎಂದು ನಕ್ಕ. ಅವನ ನಗು ಕಂಡು ನನ್ನ ತಂಗಿಗೆ ಅಳು ಬಂತು. ಎಲ್ಲೋ ವ್ಯಾನು ತಡೆದು ಗುಂಡು ಹಾರಿಸಿದ ಸುದ್ದಿಯನ್ನು ಟಿವಿಯಲ್ಲಿ ನೋಡಿದಂದಿನಿಂದ ಅವಳಿಗೆ ನಿದ್ದೆ ಸರಿಯಿರಲಿಲ್ಲ. "ಊರಿನವರಿಗೆಲ್ಲ ಸಾಮಾನು ಹುಡುಕಿ ಕೊಡ್ತೀಯಲ್ಲ, ಇವ್ರಿಗೊಂದು ನಿಜವಾದ್ದು ತಂದ್ಕೊಡು," ಎಂದಳು.

ಆ ಮಾತಿಗೆ ನಾನು ಎದ್ದೆ. ನಿಜವಾದದ್ದು. ಅವನು ಅದನ್ನು ತೊಟ್ಟು ರಸ್ತೆಯಲ್ಲಿ ನಿಲ್ಲುತ್ತಾನೆ, ನಾನು ತಂದದ್ದೆಂಬ ಒಂದೇ ಧೈರ್ಯದಿಂದ. ವ್ಯಾಪಾರದಲ್ಲಿ ಇಂಥ ಗಿರಾಕಿ ನನಗೆ ಹಿಂದೆ ಸಿಕ್ಕಿರಲಿಲ್ಲ.

ತಿರುಪ್ಪೂರಿನ ದಾರಿಯಲ್ಲಿ ಒಬ್ಬನ ಗೋಡೌನು. ಮುಂದಿನ ಭಾಗದಲ್ಲಿ ಎಕ್ಸ್‌ಪೋರ್ಟಿನಿಂದ ಉಳಿದ ಬನಿಯನ್ನು, ಟೀ ಶರ್ಟು, ಹಿಂದೆ ಚಿಂದಿ. ಅವನೂ ನಮ್ಮವನೇ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಹಾಗಾಗಿ ಚೌಕಾಸಿ ಎರಡೂ ಭಾಷೆಯಲ್ಲಿ ನಡೆಯಿತು; ಬೆಲೆ ಏರಿಸುವಾಗ ತಮಿಳು, ಇಳಿಸುವಾಗ ಕನ್ನಡ.

"ಆರ್ ಸಾವಿರ. ಮಿಲಿಟ್ರಿ ಸರಕು, ಸುಮ್ಮಾ ಅಲ್ಲ."

"ಮಿಲಿಟ್ರಿಯವ್ರು ಬೇಡ ಅಂತ ಎಸೆದದ್ದು. ಹಾಗೆ ಹೇಳು."

"ಅವ್ರು ಚೆನ್ನಾಗಿರೋದನ್ನೂ ಎಸೀತಾರಣ್ಣ. ಸರ್ಕಾರದ ದುಡ್ಡು. ಬಾ, ನೀನೇ ನೋಡು, ಬಟ್ಟೆ ನೋಡ್ದೆ ನೀ ತಗೊಳ್ಳೋನಾ?"

ಹೊರಗಿನ ಹೊದಿಕೆ ಹೊಸ ಹಸಿರು ಬಟ್ಟೆಯದು, ಅವನೇ ಹೊಲಿಸಿದ್ದು. ಅಂಟುಪಟ್ಟಿ ಸೆಳೆದರೆ ಒಳಗೆ ಮಾಸಿದ ಹಳದಿ ಬಟ್ಟೆಯ ಪದರಗಳು, ಒಂದರ ಮೇಲೊಂದು, ಅಂಚಿನಲ್ಲಿ ಹೊಲಿದವು. ಬೆರಳಿನಿಂದ ಉಜ್ಜಿದೆ. ಎಂಥ ನೇಯ್ಗೆ ಅಂತೀರಿ! ಒಂದೇ ಒಂದು ಎಳೆ ತಪ್ಪಿಲ್ಲ. ಭೂತಗನ್ನಡಿ ಇಟ್ಟು ನೋಡಿದೆ, ಹಾಸೂ ಹೊಕ್ಕೂ ಅಳತೆ ಮಾಡಿ ಇಟ್ಟಂತೆ. ಅವನು ಅಂಚಿನ ಒಂದು ಎಳೆ ಎಳೆದು ಬೆಂಕಿಕಡ್ಡಿ ಗೀರಿದ. ನೂಲು ಕರಗಲಿಲ್ಲ, ಉರಿಯಲೂ ಇಲ್ಲ. ತುದಿ ಕಪ್ಪಾಗಿ, ಬೆಂಕಿ ತೆಗೆದ ಕೂಡಲೇ ಆರಿತು. ದರ್ಜಿಯ ಕತ್ತರಿ ಕೊಟ್ಟ. ಕತ್ತರಿ ಬಟ್ಟೆಯನ್ನು ಅಗಿದು ಅಗಿದು ಜಾರಿತು.

"ಈಗ್ಲಾದ್ರೂ ನಂಬ್ತೀಯಾ?"

"ಲೇಬಲ್ ಎಲ್ಲಿ?" ಎಂದು ಕೇಳಿದೆ. ಕೇಳಲಿಲ್ಲ ಎನ್ನಬೇಡಿ. ಕೊರಳಿನ ಒಳಬದಿಯಲ್ಲಿ ಅಂಗೈಯಗಲದ ಹೊಲಿಗೆ ಬಿಚ್ಚಿದ ಗುರುತಿತ್ತು.

"ಎಲ್ಲಾದಕ್ಕೂ ಕತ್ತರ್ಸಿಬಿಟ್ಟೆ. ನಮ್ಮ ಹೆಂಗಸ್ರು ಬನಿಯನ್ ಲೇಬಲ್ ಕತ್ತರ್ಸ್ತಾ ಕೂತಿದ್ರಲ್ಲ, ಇದನ್ನೂ ಜೊತೆಗೆ ಹಾಕ್ದೆ."

ಹೊರಗಿನವರಿಗೆ ಇದು ಹುಚ್ಚಾಟವಾಗಿ ಕಾಣಬಹುದು. ನಮ್ಮ ಕಡೆಯವರಿಗೆ ಕಾಣುವುದಿಲ್ಲ. ಎಕ್ಸ್‌ಪೋರ್ಟ್ ಕಂಪನಿಯಿಂದ ಉಳಿದ ಮಾಲು ಹೊರಬಂದರೆ ಮೊದಲು ಅದರ ಲೇಬಲ್ ಹೋಗಬೇಕು. ಪರದೇಶದ ಕಂಪನಿಯ ಹೆಸರಿಟ್ಟುಕೊಂಡು ಬೀದಿಯಲ್ಲಿ ಮಾರುವ ಹಾಗಿಲ್ಲ. ಹಾಗಾಗಿ ತಿರುಪ್ಪೂರಿನ ಗಿರಾಕಿ ಬನಿಯನ್ನಿನ ಕೊರಳು ಮಡಚಿ ನೋಡುತ್ತಾನೆ. ಲೇಬಲ್ ಇದ್ದರೆ ಅನುಮಾನ, ಲೋಕಲ್ಲಿನಲ್ಲಿ ಹೊಲಿದು ಅಂಟಿಸಿದ್ದು. ಲೇಬಲ್ ಕತ್ತರಿಸಿದ ಗುರುತಿದ್ದರೆ ಅಸಲಿ. ನನ್ನ ತಂಗಿಯೇ ವರ್ಷಗಟ್ಟಲೆ ಮನೆಯಲ್ಲಿ ಕೂತು ಮೂಟೆ ಮೂಟೆ ಲೇಬಲ್ ಕತ್ತರಿಸಿದವಳು. ಆ ಬಿಚ್ಚಿದ ಹೊಲಿಗೆ ನೋಡಿ ನನಗೆ ನಂಬಿಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಎರಡು ಸಾವಿರದ ಎಂಟುನೂರಕ್ಕೆ ಮುಗಿಸಿದೆ. ಅವನು "ನನ್ನ ಹೊಟ್ಟೆ ಮೇಲೆ ಹೊಡ್ದೆ" ಎಂದು ಗೊಣಗಿದ, ಟೀ ತರಿಸಿದ. ಟೀ ತರಿಸಿದಾಗಲೇ ನನಗೆ ಅರ್ಥವಾಗಬೇಕಿತ್ತು.

ತಂಗಿಯ ಮನೆಯಲ್ಲಿ ಅವನು ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತ. ತಂಗಿ ಸುತ್ತ ತಿರುಗಿ ನೋಡಿ, "ಈಗ ಪೋಲೀಸ್ ಇನ್ಸ್‌ಪೆಕ್ಟರ್ ಹಾಗೆ ಇದೀರಿ," ಎಂದಳು. ಬಂದೂಕಿನ ಹಿರಿಯನೂ ಅವತ್ತು ಊಟಕ್ಕೆ ಬಂದಿದ್ದ. ಸೈನ್ಯದ ಮಾತು ತೆಗೆದರೆ ಸಂಜೆಯವರೆಗೆ ನಿಲ್ಲಿಸದ ಆಸಾಮಿ. ಎಲೆಯ ಮುಂದಿನಿಂದ ಏಳದೆಯೇ ಎಡಗೈಯಿಂದ ಕವಚದ ಅಂಟುಪಟ್ಟಿ ಎಳೆದು ಒಳಗೆ ಇಣುಕಿದ.

"ಎಲ್ಲಿ ತಮ್ಮಾ, ಇದ್ರ ಕಪ್ಪು ಚೀಲ?"

"ಯಾವ ಚೀಲ?"

"ಈ ಹಳದಿ ಬಟ್ಟೆಯನ್ನ ರಬ್ಬರಿನಂಥ ಚೀಲದೊಳಗೆ ಹಾಕಿ ಗಾಳಿ ನೀರು ಹೋಗ್ದ ಹಾಗೆ ಮುಚ್ಚಿರ್ತಾರೆ. ನಾನು ತೊಟ್ಟವನಪ್ಪಾ, ನನಗೆ ಹೇಳ್ತೀಯಾ? ಒದ್ದೆ ಆಗ್ಬಾರ್ದು, ಬಿಸಿಲು ತಾಗ್ಬಾರ್ದು. ಚೀಲ ಹರಿದ್ರೆ ಸ್ಟೋರಿಗೆ ವಾಪಸ್. ಲೇಬಲ್ ಏನು ಹೇಳ್ತದೆ?"

"ಲೇಬಲ್ ಇಲ್ಲ."

"ಲೇಬಲ್ ಇಲ್ವಾ!" ಎಂದು ಅವನು ಊಟ ನಿಲ್ಲಿಸಿದ. "ಯಾವ ವರ್ಷದ್ದು, ಏನನ್ನ ತಡೀತದೆ ಅಂತ ಹೇಗೆ ಗೊತ್ತಾಗೋದು? ಕೆಲವು ಬರೀ ಚೂರುಗಳಿಗೆ. ಬಾಂಬು ಸಿಡಿದಾಗ ಹಾರೋ ಚೂರು. ಪಿಸ್ತೂಲಿಗೂ ಗ್ಯಾರಂಟಿ ಇಲ್ಲ. ರೈಫಲ್ಲಿಗೆ ಅಂದ್ರೆ ಈ ಮುಂದಿನ ಜೇಬಿಗೆ ಗಟ್ಟಿ ಫಲಕ ಬೇಕು. ಜೇಬು ಖಾಲಿ ಇದೆ ನೋಡು. ಇದನ್ನ ತೊಟ್ರೆ ಏನಾಗ್ತದೆ ಹೇಳ್ಲಾ? ಧೈರ್ಯ ಬರ್ತದೆ. ಅಷ್ಟೇ. ಅದೇ ಅಪಾಯ."

"ನೀವು ಮಾತ್ರ ಸ್ಪಂಜು ತೊಟ್ಟು ಹೋಗ್ತೀರಲ್ಲ," ಎಂದು ತಂಗಿ ಸಿಡುಕಿದಳು.

"ಅದು ಸ್ಪಂಜು ಅಂತ ನನಗೆ ಗೊತ್ತಮ್ಮಾ. ಅದಕ್ಕೇ ನಾನು ಕಂಬದ ಹಿಂದೆ ನಿಲ್ತೀನಿ. ನಿಮ್ಮ ಯಜಮಾನ್ರು ನಾಳೆಯಿಂದ ಮುಂದೆ ನಿಲ್ತಾರೆ."

ತಂಗಿಯ ಗಂಡ ಅಂಟುಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದ. ನಾನು ಅದನ್ನು ಮಡಿಲಿಗೆ ಎಳೆದುಕೊಂಡು, ಹಳೆ ಬಟ್ಟೆ ಕೊಳ್ಳುವವರು ಮೊದಲು ಮಾಡಬೇಕಾದ ಕೆಲಸವನ್ನು ಈಗ ಮಾಡಿದೆ. ಬಣ್ಣದ ನಿಜ ತಿಳಿಯಬೇಕಾದರೆ ಮೈ ನೋಡಬಾರದು, ಹೊಲಿಗೆಯೊಳಗಿನ ಮಡಿಕೆ ನೋಡಬೇಕು. ಅಂಚಿನ ಹೊಲಿಗೆ ಬಿಚ್ಚಿ ಪದರಗಳನ್ನು ಪುಸ್ತಕದಂತೆ ತೆರೆದೆ. ನಡುವಿನ ಪದರ ಅರಿಶಿನದ ಹಾಗೆ ಹಳದಿ. ಹೊರಗಿನ ಪದರಗಳು ಕಾಫಿಯ ಕರೆ ಹಿಡಿದಂತೆ ಕಂದು. ಎರಡರಿಂದಲೂ ಒಂದೊಂದು ಎಳೆ ಎಳೆದು ಬೆರಳಿಗೆ ಸುತ್ತಿ ಜಗ್ಗಿದೆ. ನಡುವಿನ ಎಳೆ ನನ್ನ ಬೆರಳನ್ನು ಕುಯ್ಯುವಂತಿತ್ತು. ಹೊರಗಿನದು ತುಸು ಜಗ್ಗುವಷ್ಟರಲ್ಲಿ ಪಟ್ಟೆಂದಿತು.

ಮರುದಿನ ಬೆಳಿಗ್ಗೆ ಕವಚ ಹಿಡಿದುಕೊಂಡು ಗೋಡೌನಿಗೆ ಹೋದೆ. ಅವನು ತಾರಸಿಯ ಮೇಲಿದ್ದಾನೆಂದರು. ಮೆಟ್ಟಿಲು ಹತ್ತಿ ತಲೆ ಹೊರಗಿಟ್ಟವನು ಅಲ್ಲೇ ನಿಂತುಬಿಟ್ಟೆ. ತಾರಸಿಯ ಉದ್ದಕ್ಕೂ ಹಗ್ಗ. ಹಗ್ಗದ ಮೇಲೆ ಹಳದಿ ಬಟ್ಟೆಯ ಎದೆಗಳು, ಬೆನ್ನುಗಳು, ಸಾಲು ಸಾಲಾಗಿ, ತೊಟ್ಟಿಕ್ಕುತ್ತ. ಮೂಲೆಯಲ್ಲಿ ಸಿಮೆಂಟಿನ ತೊಟ್ಟಿ. ಮೂಗಿಗೆ ಬ್ಲೀಚಿಂಗ್ ಪೌಡರಿನ ಘಾಟು. ಕಪ್ಪು ಚೀಲಗಳ ಚರ್ಮ ಸುಲಿದು ಒಂದು ಕಡೆ ಗುಡ್ಡೆ ಹಾಕಿದ್ದ.

"ಬಾಣ್ಣ, ಇನ್ನೊಂದು ಬೇಕಾ?"

"ಒಗೀತೀಯಾ ಇದನ್ನ?"

"ಒಗೀದೆ? ಯಾವನೋ ತೊಟ್ಟ ಬೆವರು. ನಾತ ತಡ್ಯೋಕಾಗ್ತಿರ್ಲಿಲ್ಲ. ಚೆನ್ನಾಗಿ ನೆನ್ಸಿ, ಪೌಡರ್ ಹಾಕಿ, ಒಂದು ವಾರ ಬಿಸಿಲು ತೋರಿಸ್ತೀನಿ. ಈಗ ಮೂಸಿ ನೋಡು."

ಅವನ ಮುಖದಲ್ಲಿದ್ದದ್ದು ಕಳ್ಳತನವಲ್ಲ, ಹೆಮ್ಮೆ. ಅದೇ ನನ್ನ ರಕ್ತ ಕುದಿಸಿತು. ಕಳ್ಳನಾದರೆ ಹಿಡಿಯಬಹುದು. ಒಳ್ಳೆಯ ವ್ಯಾಪಾರಿಯ ಶ್ರದ್ಧೆಯಿಂದ, ಬನಿಯನ್ನಿಗೆ ಮಾಡುವ ಉಪಚಾರವನ್ನೆಲ್ಲ ಇದಕ್ಕೂ ಮಾಡಿ ಇದರ ಜೀವ ತೆಗೆದಿದ್ದ. ಎಳೆ ಎಳೆದು ತೋರಿಸಿದೆ, ಪಟ್ಟೆಂದಿತು. ಅವನಿಗೆ ಆಶ್ಚರ್ಯವಾಗಲಿಲ್ಲ.

"ಹೂಂ, ಕೈಗವಸಿನವನೂ ಅದೇ ಹೇಳಿ ಮೂಟೆ ವಾಪಸ್ ಕಳಿಸ್ದ. ನೂಲು ನಿಲ್ತಿಲ್ಲ, ಮಿಷನ್ನಲ್ಲಿ ಕಿತ್ಕೊಂಡು ಬರ್ತದೆ ಅಂತ. ಅದಕ್ಕೇ ಅಲ್ವಾ ಪೀಸಾಗಿ ಮಾರ್ತಿರೋದು."

ಇನ್ನೊಮ್ಮೆ ಓದಿ ಈ ಮಾತನ್ನು. ಕೈಗವಸಿಗೆ ಆಗದೆ ವಾಪಸು ಬಂದದ್ದು ಎದೆಗೆ ಆಗುತ್ತದೆ! ಬೆರಳು ಕಾಯುವಷ್ಟೂ ನೂಲು ನಿಲ್ಲದೆಂದು ಕೈಗವಸಿನವನು ಒಲ್ಲೆನೆಂದದ್ದನ್ನು ಗುಂಡಿಗೆಯ ಮೇಲೆ ಕಟ್ಟಿಕೊಳ್ಳಲು ನಾನು ಚೌಕಾಸಿ ಮಾಡಿ ಕೊಂಡುಕೊಂಡಿದ್ದೆ.

"ಇದನ್ನ ನೀನು ತೊಟ್ಕೊ," ಎಂದೆ. "ತೊಟ್ಕೊಂಡು ಆ ಗೋಡೆಗೆ ನಿಲ್ಲು. ಬಂದೂಕಿನವನೊಬ್ಬ ನನಗೆ ಗೊತ್ತು, ಕರ್ಕೊಂಡು ಬರ್ತೀನಿ."

"ಯಾಕಣ್ಣ ಹಿಂಗ್ ಮಾತಾಡ್ತೀಯಾ. ಕಾಸು ವಾಪಸ್ ತಗೋ. ಯಾರೂ ಗುಂಡು ಹೊಡ್ದು ನೋಡಲ್ಲ. ಎಲ್ಲಾ ಶೋಕಿಗೆ ತಗೊಳ್ಳೋದು. ನೀ ಅವತ್ತು ಹೇಳಿದ್ಯಲ್ಲ, ನಿನ್ನ ಮಾಪ್ಳೆ ಕೆಲಸ ಮಾಡೋ ಏಜೆನ್ಸಿ, ಅವ್ರೇ ನಿನ್ನೆ ಸ್ಯಾಂಪಲ್ ಒಯ್ದಿದಾರೆ. ಎಲ್ಲಾ ವ್ಯಾನಿಗೂ ಬೇಕಂತೆ."

ಹಣ ತೆಗೆದುಕೊಳ್ಳಲಿಲ್ಲ. ಹಣ ತೆಗೆದುಕೊಂಡರೆ ಕವಚ ಕೊಡಬೇಕಾಗುತ್ತಿತ್ತು, ಅದು ಮತ್ತೆ ಹಗ್ಗಕ್ಕೆ ಏರುತ್ತಿತ್ತು.

ಮರುದಿನ ಬೆಳಿಗ್ಗೆ ವ್ಯಾನು ಹೊರಡುವ ಹೊತ್ತಿಗೆ ಏಜೆನ್ಸಿಯ ಅಂಗಳದಲ್ಲಿದ್ದೆ. ತಂಗಿಯ ಗಂಡ ಹಿಂದಿನ ರಾತ್ರಿಯೇ ಹೇಳಿದ್ದ: "ಸ್ಪಂಜಾದ್ರೆ ತಿಳೀದೆ ತೊಟ್ಟೆ ಭಾವ. ಈಗ ತಿಳಿದೂ ತೊಟ್ರೆ ನಿಮ್ಮ ತಂಗಿ ಮುಖ ಹ್ಯಾಗೆ ನೋಡ್ಲಿ?" ಅವನೂ ಬಂದೂಕಿನ ಹಿರಿಯನೂ ಕಚೇರಿಯೊಳಗೆ ಹೋಗಿ ಕವಚವನ್ನು ಮ್ಯಾನೇಜರನ ಮೇಜಿನ ಮೇಲಿಟ್ಟರು. ನಾನು ಹಿಂದೆ.

"ಇದ್ಯಾರು?" ಎಂದು ಮ್ಯಾನೇಜರ್ ನನ್ನತ್ತ ಗದ್ದ ಎತ್ತಿದ.

"ಬಟ್ಟೆಯವನು," ಎಂದೆ. ಎಳೆ ಎಳೆದು ಅವನ ಕಣ್ಣೆದುರು ಕಿತ್ತೆ. ಒಂದು, ಇನ್ನೊಂದು. ಅವನ ಮೇಜಿನ ಗಾಜಿನ ಮೇಲೆ ಕಂದು ನಾರು ಉದುರಿತು.

"ನಿಮಗೆ ಬೇಕಾದ್ರೆ ಕೆಲಸ ಮಾಡಿ, ಬೇಡಾಂದ್ರೆ ಬಿಡಿ. ಇದು ಯೂನಿಫಾರಂ ಅಷ್ಟೇ."

"ಹಾಗಾದ್ರೆ ನೀವೂ ಯೂನಿಫಾರಂ ಹಾಕ್ಕೊಂಡು ಬನ್ನಿ ಸರ್," ಎಂದ ತಂಗಿಯ ಗಂಡ. ಎತ್ತರದ ದನಿಯಲ್ಲಿ ಮಾತಾಡಿ ಗೊತ್ತಿಲ್ಲದ ಮನುಷ್ಯ. "ಇವತ್ತು ವ್ಯಾನಿಗೂ ಎಟಿಎಂಗೂ ನಡುವೆ ನೀವು ನಿಲ್ಲಿ. ನಾನು ಫ್ಯಾನ್ ಕೆಳಗೆ ಕೂತು ಫೋನ್ ತಗೋತೀನಿ."

ಹಿರಿಯ ಬಂದೂಕನ್ನು ಗೋಡೆಗೆ ಒರಗಿಸಿ ಕುರ್ಚಿ ಎಳೆದುಕೊಂಡ. ಚಾಲಕನೂ ಕೀಲಿ ತಂದು ಮೇಜಿನ ಮೇಲಿಟ್ಟ. ವ್ಯಾನು ಮಧ್ಯಾಹ್ನದವರೆಗೆ ಅಂಗಳದಲ್ಲೇ ನಿಂತಿತು. ಎಟಿಎಂಗಳು ಖಾಲಿಯಾದವೆಂದು ಬ್ಯಾಂಕಿನಿಂದ ಫೋನು ಬಂತು. ಮ್ಯಾನೇಜರ್ ಏನೋ ವಾಹನ ರಿಪೇರಿ ಎಂದ. ಎರಡನೆಯ ಫೋನಿಗೆ ಹಿರಿಯನೇ ಕೈ ಚಾಚಿ, ತನ್ನ ಮಿಲಿಟರಿ ಗಂಟಲಿನಲ್ಲಿ ಕಾರಣವನ್ನು ಪೂರ್ತಿ ಹೇಳಿದ. ಬ್ಯಾಂಕಿನವರಿಗೆ ಕಾವಲುಗಾರನ ಎದೆಯ ಚಿಂತೆ ಎಷ್ಟಿತ್ತೋ, ಹಣದ ಚಿಂತೆಯಂತೂ ಇತ್ತು. ಕೆಲವು ದಿನ ಬೇರೆ ಏಜೆನ್ಸಿಯ ವ್ಯಾನು ಓಡಿತು. ಆಮೇಲೆ ನಮ್ಮವರ ವ್ಯಾನಿಗೆ ಹೊಸ ಕವಚಗಳು ಬಂದವು, ಪೆಟ್ಟಿಗೆಯಲ್ಲಿ, ಪರೀಕ್ಷೆಯ ಕಾಗದದ ಸಮೇತ.

ತೋರಿಸಲೆಂದು ತಂಗಿಯ ಗಂಡ ತನ್ನದನ್ನು ಒಂದು ದಿನ ಮನೆಗೆ ತಂದಿದ್ದ. ತಂಗಿ ಒಳಬದಿ ತಿರುಗಿಸಿ ನೋಡಿದಳು. ದೊಡ್ಡ ಬಿಳಿ ಲೇಬಲ್. ಅಭ್ಯಾಸಬಲ, ಅವಳ ಕೈ ತಾನಾಗಿ ಸೀರೆಯ ಸೆರಗಿಗೆ ಸಿಕ್ಕಿಸಿದ ಪುಟ್ಟ ಕತ್ತರಿಗೆ ಹೋಯಿತು.

"ಏ, ಬಿಡು! ಅದನ್ನ ಮುಟ್ಟಿದ್ರೆ ನನ್ನಾಣೆ!" ಎಂದು ಅವನು ಕಿತ್ತುಕೊಂಡ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅವತ್ತು ಚೆನ್ನಾಗಿ ನಿದ್ದೆ ಮಾಡಿದಳಂತೆ.

ನನಗೆ ಮಾತ್ರ ಇನ್ನೂ ಕೋಪ ಇಳಿದಿಲ್ಲ. ಹೊಸದು ಬಂದದ್ದು ಆ ಒಂದು ವ್ಯಾನಿಗೆ. ತಾರಸಿಯ ಹಗ್ಗ ಈಗ ಖಾಲಿಯಿದೆ. ಮಾಲೆಲ್ಲ ಹೋಯಿತೆಂದು ಗೋಡೌನಿನವನೇ ಹೇಳಿದ. ಎಲ್ಲಿಗೆ ಎಂದರೆ, "ಕೊಯಮತ್ತೂರು, ಈರೋಡು, ಯಾರ್ಯಾರೋ," ಎನ್ನುತ್ತಾನೆ. ನಾನು ಎಟಿಎಂ ಕಂಡಲ್ಲೆಲ್ಲ ಕಾವಲುಗಾರನ ಕೊರಳ ಹಿಂದೆ ಇಣುಕುತ್ತೇನೆ. ಒಬ್ಬಿಬ್ಬರು ಬೈದೂ ಇದ್ದಾರೆ.

ಆದ್ದರಿಂದ ನೀವು ಕೊಳ್ಳುವವರಾದರೆ, ಮನೆಯವರಿಗೆ ಕೊಡಿಸುವವರಾದರೆ, ಇಷ್ಟನ್ನು ಕಿವಿಗೆ ಹಾಕಿಕೊಳ್ಳಿ. ಬೇರೆ ಯಾವ ಬಟ್ಟೆಗಾದರೂ ನಿಮ್ಮ ಬೆರಳನ್ನು ನಂಬಿ, ಇದಕ್ಕೆ ನಂಬಬೇಡಿ. ಬೆಂಕಿ ಹಚ್ಚಿ ತೋರಿಸಿದರೆ, ಕತ್ತರಿ ಆಡಿಸಿ ತೋರಿಸಿದರೆ, ನೂಲು ಯಾವ ಜಾತಿಯದೆಂದು ಗೊತ್ತಾಗುತ್ತದೆ. ಅದರಲ್ಲಿ ಇನ್ನೂ ಶಕ್ತಿಯಿದೆಯೇ ಎಂಬುದು ಗೊತ್ತಾಗುವುದಿಲ್ಲ. ಲೇಬಲ್ ಇಲ್ಲದಿದ್ದರೆ ಬೆಲೆ ಕೇಳುವುದಕ್ಕೂ ನಿಲ್ಲಬೇಡಿ. ಇದ್ದರೆ, ತಯಾರಾದ ವರ್ಷ, ಎಷ್ಟು ವರ್ಷ ಬಾಳುತ್ತದೆಂಬ ಮಾತು, ಏನನ್ನು ತಡೆಯುತ್ತದೆಂಬ ಮಾತು, ಮೂರನ್ನೂ ಓದಿಸಿಕೊಳ್ಳಿ. ಬಾಂಬಿನ ಚೂರುಗಳಿಗೆ ಮಾಡಿದ್ದು ಗುಂಡಿಗಲ್ಲ, ಗುಂಡಿಗೆ ಮಾಡಿದ್ದು ಚಾಕುವಿಗೆ ಆಗಬೇಕೆಂದಿಲ್ಲ. ಒಳಗಿನ ಚೀಲ ಮುಚ್ಚಿದಂತೆಯೇ ಇರಬೇಕು. ತೆರೆದು ತೋರಿಸುತ್ತೇನೆಂದರೆ ಬೇಡವೆನ್ನಿ. ಒಗೆದ ವಾಸನೆ ಬಂದರೆ ಎದ್ದು ಬನ್ನಿ. ಹತ್ತರಲ್ಲಿ ಒಂದಕ್ಕೆ ಗುಂಡು ಹೊಡೆದು ತಡೆಯಿತೆಂದು ತೋರಿಸಿದರೂ ಉಳಿದ ಒಂಬತ್ತರ ವಿಷಯ ಅದರಿಂದ ತಿಳಿಯದು. ಮಾಲೀಕ ಕೊಟ್ಟ ಕವಚವಾದರೆ ಅಂಜಿಕೆಯಿಲ್ಲದೆ ಹೊರಹೊದಿಕೆ ಬಿಚ್ಚಿ ಒಳಗೇನಿದೆ ನೋಡಿ. ಸ್ಪಂಜು ಕಂಡರೆ ಒಬ್ಬರೇ ಹೋಗಿ ಕೇಳಬೇಡಿ, ಚಾಲಕನನ್ನೂ ಜೊತೆಗೆ ಕರೆದುಕೊಳ್ಳಿ. ಇನ್ನು, ಎಲ್ಲಕ್ಕೂ ಚೌಕಾಸಿ ಮಾಡಿ ಬದುಕಿದ ನಾನೇ ಹೇಳುತ್ತಿದ್ದೇನೆ: ಮಾರುವವನು ಅರ್ಧ ಬೆಲೆಗೆ ಒಪ್ಪಿ ಟೀ ತರಿಸಿದರೆ, ಟೀ ಕುಡಿಯಿರಿ, ಮಾಲು ಅಲ್ಲೇ ಬಿಟ್ಟು ಬನ್ನಿ.